ದಲ್ಲಾಳಿ ಮಿಯಾಹಿರಾ

ಮಿಯಾಹಿರಾ ದಲ್ಲಾಳಿಯೇ ಎಂಬುದು ಶಿಜುಯೆಗೆ ಆ ಬೆಳಿಗ್ಗೆ ಖಾತ್ರಿಯಾಯಿತು. ಬಾಯ್ಲರ್ ಕೋಣೆಯ ಹಿಂದೆ ನಿಂತು ಅವನು ಮತ್ತೆ ಫೋನಿಗೆ ಅಂಟಿಕೊಂಡಿದ್ದ. ಅಡುಗೆಮನೆಯ ಕಿಟಕಿಯವರೆಗೆ ಮಾತು ಕೇಳಿಸುತ್ತಿರಲಿಲ್ಲ. ಕೈ ಬೀಸುವುದು, ನಗುವುದು ಮಾತ್ರ ಕಾಣುತ್ತಿತ್ತು. ಫೋನಿನಲ್ಲಾದರೂ ತಲೆ ಬಾಗಿಸಿಯೇ ಮಾತಾಡುವುದು ಇಲ್ಲಿ ಎಲ್ಲರ ರೂಢಿ. ಇವನು ಅಷ್ಟು ಹೊತ್ತು ಮಾತಾಡಿದರೂ ಆ ಕಡೆಯವರಿಗೆ ಒಮ್ಮೆಯೂ ತಲೆ ಬಾಗಿಸಲಿಲ್ಲ. ಎಂಥ ಸೊಕ್ಕು.

“ನಮ್ಮ ಹುಡುಗನನ್ನ ಬೇರೆ ಹೋಟೆಲಿಗೆ ಸಾಗಿಸೋ ಮಾತುಕತೆ ಅದು, ನೋಡ್ತಿರಿ,” ಎಂದಳು ಹಳೆಯ ಕೆಲಸದಾಕೆ ಫುಮಿಯೆ, ಮೂಲಂಗಿ ತುರಿಯುತ್ತ.

ನಮ್ಮ ಹುಡುಗ ಎಂದರೆ ಲಿಯೋ. ನಾಗಾನೋ ಬೆಟ್ಟಗಳ ನಡುವೆ ಬಿಸಿನೀರ ಬುಗ್ಗೆಯ ಪಕ್ಕದಲ್ಲಿರುವ ಶಿಜುಯೆಯ ತಂಗುಮನೆಗೆ ಹಿಮ ಕರಗುವ ಹೊತ್ತಿಗೆ ಇಬ್ಬರೂ ಒಟ್ಟಿಗೆ ಬಂದಿದ್ದರು. ಬೊಲಿವಿಯದ ಸಂಗೀತ ನುಡಿಸುತ್ತೇವೆ, ಕೆಲಸ ಕೊಡಿ ಎಂದಿದ್ದ ಮಿಯಾಹಿರಾ. ಶಿಜುಯೆಯ ಕಣ್ಣು ಅವನ ಮೇಲೆ ನಿಲ್ಲಲೇ ಇಲ್ಲ. ಅವನ ಮುಖ ಪೇಟೆಯ ಮೀನಂಗಡಿಯವನ ತಮ್ಮನ ಹಾಗಿತ್ತು. ಲಿಯೋ ಮಾತ್ರ ಆರಡಿ ಎತ್ತರ, ಬಂಗಾರದ ಕೂದಲು, ತಿಳಿನೀಲಿ ಕಣ್ಣು. ಅವಳು ನಿಂತಲ್ಲೇ ಒಪ್ಪಿಕೊಂಡಳು. ಒಂದು ಷರತ್ತು ಹಾಕಿದಳು. ಲಿಯೋ ಹಾಡಬೇಕು, ನಗಬೇಕು. ಈ ಮನೆಯೊಳಗೆ ಜಪಾನಿ ಮಾತು ಒಂದಕ್ಷರ ಆಡಬಾರದು. ಆಡಿದರೆ ದೂರದೇಶದ ಮೋಡಿ ಹೋಗಿಬಿಡುತ್ತದೆ.

ಲಿಯೋ ಮಿಯಾಹಿರಾನ ಮುಖ ನೋಡಿದ. ಮಿಯಾಹಿರಾ ತಲೆಯಾಡಿಸಿದ. ಆಮೇಲೆ ಲಿಯೋನೂ ತಲೆಯಾಡಿಸಿದ.

ಮೋಡಿ ಚೆನ್ನಾಗಿಯೇ ನಡೆಯಿತು. ‘ಆಂಡಿಸ್ ಪರ್ವತದಿಂದ ನೇರವಾಗಿ’ ಎಂದು ಲಿಯೋನ ಚಿತ್ರವೊಂದನ್ನೇ ಹಾಕಿ ಶಿಜುಯೆ ಪೋಸ್ಟರ್ ಮಾಡಿಸಿದಳು. ಬಸ್ಸು ತುಂಬ ಅಜ್ಜಿಯರು ಬಂದರು. ಊಟದ ಹಾಲ್‌ನಲ್ಲಿ ಅವನು ಗಿಟಾರ್ ಹಿಡಿದು ಹಾಡಿದರೆ ಕಣ್ಣೊರೆಸಿಕೊಂಡರು. ಹಿಂದೆ ಕುಳಿತ ಮಿಯಾಹಿರಾ ಚರಾಂಗೊ ಎಂಬ ಅಂಗೈಯಗಲದ ತಂತಿವಾದ್ಯ ಮೀಟುತ್ತಿದ್ದ. ಹಾಡು ಮುಗಿದ ಮೇಲೆ ಅಜ್ಜಿಯರು ತಮ್ಮ ಫೋನನ್ನು ಅವನ ಕೈಗೆ ಕೊಟ್ಟು, ಲಿಯೋನ ಪಕ್ಕ ನಿಂತು, ಒಂದು ಫೋಟೊ ತೆಗೀರಿ ಎನ್ನುತ್ತಿದ್ದರು. ಅವನು ತೆಗೆಯುತ್ತಿದ್ದ.

ಬರಬರುತ್ತ ಶಿಜುಯೆಯ ಕಣ್ಣಿಗೆ ಬೇರೆ ಸಂಗತಿಗಳೂ ಬಿದ್ದವು. ಮಿಯಾಹಿರಾ ಹ್ಞೂಂ ಎನ್ನದೆ ಲಿಯೋ ಒಂದು ಹೆಜ್ಜೆ ಇಡುತ್ತಿರಲಿಲ್ಲ. ತಾಲೀಮಿನಲ್ಲಿ ಒಂದೇ ಸಾಲನ್ನು ಮತ್ತೆ ಮತ್ತೆ ಹಾಡಿಸಿ ಮಿಯಾಹಿರಾ ಅವನ ಕಣ್ಣಲ್ಲಿ ನೀರು ಬರಿಸಿದ್ದನ್ನು ಅವಳೇ ಕಂಡಿದ್ದಳು. ಬೆಳಗಿನ ತಿಂಡಿಗೆ ತನ್ನ ಪಾಲಿನ ಹುದುಗು ಬರಿಸಿದ ಸೋಯಾ ಕಾಳನ್ನು ಲಿಯೋನ ಬಟ್ಟಲಿಗೆ ಸುರಿದು, ಅವನ ಮೊಟ್ಟೆಯನ್ನು ತಾನು ಎತ್ತಿಕೊಳ್ಳುತ್ತಿದ್ದ. ಬಡಪಾಯಿ ಹುಡುಗ ಆ ನಾರುವ ಲೋಳೆಯನ್ನು ಮಾತಿಲ್ಲದೆ ತಿನ್ನುತ್ತಿದ್ದ.

ಅದರ ಮೇಲೆ ಸ್ನಾನದ ಮನೆಯ ರಂಪ. ಹೆಂಗಸರ ವೇಳೆ ಎಂದು ದೊಡ್ಡದಾಗಿ ಬರೆದು ತೂಗುಹಾಕಿದ್ದರೂ ಮಿಯಾಹಿರಾ ಟವೆಲ್ ಹೊತ್ತು ಒಳಗೆ ನಡೆದಿದ್ದ. ಓದೋಕೆ ಬರಲ್ವಾ ಎಂದು ಫುಮಿಯೆ ಗದರಿದಾಗ, ಅಜ್ಜಂದಿರ ಕಾಲದ ಮಾತುಗಳಲ್ಲಿ ಉದ್ದಕ್ಕೂ ಕ್ಷಮೆ ಕೇಳಿದ. ಅಣಕಿಸುತ್ತಿದ್ದಾನೆ ಎಂದೇ ಇಬ್ಬರಿಗೂ ಅನ್ನಿಸಿತು.

ಶಿಜುಯೆಗೆ ಇಂಥವರ ಪರಿಚಯವಿತ್ತು. ಹದಿನೆಂಟರ ಪ್ರಾಯದಲ್ಲಿ ಅವಳನ್ನೂ ಒಬ್ಬ ದಲ್ಲಾಳಿ ಟೋಕಿಯೋದ ಬಾರುಗಳಲ್ಲಿ ಹಾಡಿಸಿದ್ದ. ಯಾರ ಜೊತೆ ಮಾತಾಡಬೇಕು, ಏನು ತಿನ್ನಬೇಕು ಎಲ್ಲವೂ ಅವನದೇ ಅಪ್ಪಣೆ. ಆಗ ಅವಳ ಪರವಾಗಿ ಒಬ್ಬರೂ ಬಾಯಿ ಬಿಟ್ಟಿರಲಿಲ್ಲ.

ಅವಳು ಕಿಟಕಿ ಮುಚ್ಚಿ ಮಿಯಾಹಿರಾನನ್ನು ಕರೆಸಿದಳು. ಟೀ ಕೊಟ್ಟಳು. ಆಮೇಲೆ ನೇರವಾಗಿ ಹೇಳಿದಳು:

“ಲಿಯೋ ಇಲ್ಲೇ ಇರ್ತಾನೆ. ನೀವು ಹೊರಡಿ. ಜನ ಬರೋದು ಬೊಲಿವಿಯದವರನ್ನ ನೋಡೋಕೆ.”

ಮಿಯಾಹಿರಾ ಟೀ ಬಟ್ಟಲನ್ನು ಕೆಳಗಿಟ್ಟ. ಜಗಳಕ್ಕೆ ಬರುತ್ತಾನೆಂದು ಅವಳು ಸೆಟೆದು ಕುಳಿತಿದ್ದಳು. ಅವನು ಬರೀ ನಕ್ಕ.

“ಈ ಮಾತು ನನಗೆ ಹೊಸದಲ್ಲ,” ಎಂದ ನಿಧಾನವಾಗಿ, ಪದ ಹುಡುಕುವವನಂತೆ. “ಹುಡುಗ ಚೆನ್ನಾಗಿ ಹಾಡ್ತಾನೆ. ಅವನ ಕೆಲಸ ಉಳೀಲಿ. ಈಗ ಏನೂ ಹೇಳಬೇಡಿ ಅವನಿಗೆ, ಹಟ ಮಾಡ್ತಾನೆ.”

ಬಾಗಿ ನಮಸ್ಕರಿಸಿ, ಚರಾಂಗೊ ಹೆಗಲಿಗೆ ಹಾಕಿಕೊಂಡು ಇಳಿಜಾರಿನಲ್ಲಿ ಬಸ್‌ಸ್ಟಾಪಿನ ಕಡೆ ನಡೆದ. ಇಷ್ಟು ಸುಲಭವಾಗಿ ತೊಲಗುತ್ತಾನೆಂದು ಶಿಜುಯೆ ಎಣಿಸಿರಲಿಲ್ಲ. ಎದೆ ಹಗುರಾಯಿತು. ಆ ಖುಷಿಯಲ್ಲಿ, ಹೇಳಬೇಡಿ ಎಂದಿದ್ದನ್ನು ಮರೆತು, ತೋಟಕ್ಕೇ ಹೋದಳು.

ಲಿಯೋ ಕಲ್ಲಿನ ಮೇಲೆ ಕುಳಿತು ಗಿಟಾರಿನ ತಂತಿ ಬಿಗಿಯುತ್ತಿದ್ದ. ಅವಳು ಅವನ ಮುಂದೆ ಮಂಡಿಯೂರಿ ಕುಳಿತು, ಪುಟ್ಟ ಮಗುವಿಗೆ ಹೇಳುವಂತೆ ಒಂದೊಂದೇ ಪದ ಬಿಡಿಸಿ ಹೇಳಿದಳು.

“ಮಿಯಾಹಿರಾ… ಹೋದ. ಬಸ್… ಬುರ್ರ್.” ಎರಡೂ ಕೈ ರೆಕ್ಕೆಯಂತೆ ಬಡಿದಳು. “ನೀನು… ಸ್ವತಂತ್ರ.” ಆಮೇಲೆ ತನ್ನ ಫೋನನ್ನು ಅವನ ಅಂಗೈಯಲ್ಲಿಟ್ಟು ಬೆರಳು ಮಡಚಿದಳು. “ಬೊಲಿವಿಯಾ… ಅಮ್ಮ… ಮಾತಾಡು.”

ಲಿಯೋ ಗಿಟಾರ್ ಕೆಳಗಿಟ್ಟ. ತಿಂಗಳುಗಳಿಂದ ಹಾಡಿಗಷ್ಟೇ ತೆರೆಯುತ್ತಿದ್ದ ಬಾಯಿ ಮಾತಿಗೆ ತೆರೆಯಿತು. ಬಂದದ್ದು ಅಪ್ಪಟ ಒಸಾಕ ಕಡೆಯ ಗಡಸು ಜಪಾನಿ ಮಾತು.

“ನಮ್ಮವ್ವ ಸಕಾಯಿ ಪ್ಯಾಟ್ಯಾಗ ಕೋಸಿನ ದೋಸಿ ಅಂಗಡಿ ಇಟ್ಟಾಳ್ರಿ, ಯಜಮಾನತಿ. ಕಣ್ಣು ಮಾತ್ರ ನಮ್ಮಪ್ಪಂದು, ಅಂವ ಫಿನ್‌ಲ್ಯಾಂಡಿನಾಂವ. ಕೂದಲಕ್ಕ ಬಣ್ಣ ಹಚ್ಚೇನಿ. ಈ ದೇಶ ಬಿಟ್ಟು ಹೊರಗ ಕಾಲಿಟ್ಟಾಂವಲ್ಲ ನಾ.”

ಶಿಜುಯೆ ಊರಿದ್ದ ಮಂಡಿ ಎತ್ತಿ ಎದ್ದು ನಿಂತಳು. ಕೆಳಗಿನ ರಸ್ತೆಯಲ್ಲಿ ಬಸ್ಸು ಬಂದು ನಿಂತ ಸದ್ದು ಕೇಳಿಸಿತು.

“ಹಾಗಾದ್ರೆ ಬೊಲಿವಿಯದವರು ಯಾರು?” ಎಂದಳು.

“ಅಜ್ಜನ ಕಾಲಕ್ಕ ಇಲ್ಲಿಂದ ಅಲ್ಲಿಗೆ ಹೋದ ಮನಿತನದಾಗ ಅಲ್ಲೇ ಹುಟ್ಟಿ, ಅಲ್ಲೇ ಬೆಳೆದು, ನನಗ ಈ ಹಾಡು ಕಲಿಸಿದವ್ರನ್ನ ನೀವು ಈಗಷ್ಟ ಆ ಬಸ್ಸಿಗೆ ಕಳಿಸೀರಿ,” ಎಂದವನೇ ಲಿಯೋ ಬರಿಗಾಲಲ್ಲಿ ಇಳಿಜಾರಿಗೆ ಓಟ ಕಿತ್ತ.