ಗೆರ್ಡಾ ಮೆಚ್ಚಿದ ಬಿಯರು

ಫಿಂಟನ್ ತನ್ನ ಪುಟ್ಟ ಬ್ರೂವರಿಯಲ್ಲಿ ಮಾಡಿದ ಮೂರು ಬಾಟಲಿ ಬಿಯರನ್ನು ಗೆರ್ಡಾಳ ಅಡಿಗೆಮನೆಯ ಮೇಜಿನ ಮೇಲಿಟ್ಟು, ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತ.

“ಆಲ್ಟ್ ಬಿಯರು. ನಿಮ್ಮ ಡ್ಯುಸೆಲ್‌ಡಾರ್ಫ್ ಕಡೇದು,” ಎಂದ. “ಅಂದ್ರೆ, ಆ ಥರ ಮಾಡೋಕೆ ನೋಡಿದ್ದೀನಿ. ಕುಡ್ದು, ಮುಲಾಜಿಲ್ದೆ ಹೇಳ್ಬೇಕು.”

“ನಾನು ಯಾವತ್ತಪ್ಪ ಮುಲಾಜು ನೋಡಿರೋದು?” ಎಂದಳು ಗೆರ್ಡಾ.

ಅದು ನಿಜ. ಐರಿಷ್ ಗಂಡನ ಕೈಹಿಡಿದು ಜರ್ಮನಿಯಿಂದ ಐರ್ಲೆಂಡಿನ ಕಾರ್ಕ್ ಕರಾವಳಿಯ ಈ ಊರಿಗೆ ಬಂದಾಗಿನಿಂದ ಆಕೆ ಮನಸ್ಸಿಗೆ ಬಂದದ್ದನ್ನು ನೇರ ಬಾಯಿಗೆ ತಂದವಳೇ. ಚರ್ಚಿನ ಬಾಗಿಲಲ್ಲಿ ಪಾದ್ರಿಯನ್ನು ತಡೆದು, ಇದೇ ಪ್ರವಚನ ಹೋದ ಈಸ್ಟರಿಗೂ ಆಗಿತ್ತು ಎಂದಿದ್ದಳು. ಮಗ್ಗುಲು ಮನೆಯ ನೋರೀನ್ ಪ್ರೀತಿಯಿಂದ ತಂದುಕೊಟ್ಟ ಆ್ಯಪಲ್ ಟಾರ್ಟನ್ನು, ತಳ ಬೆಂದಿಲ್ಲವೆಂದು ತಟ್ಟೆಸಮೇತ ಹಿಂದಿರುಗಿಸಿದ್ದಳು. ಗಂಡ ತೀರಿಕೊಂಡ ಮೇಲಂತೂ ಅವಳನ್ನು ಯಾರೂ ಚಹಾಕ್ಕೆ ಕರೆಯುತ್ತಿರಲಿಲ್ಲ. ಫಿಂಟನ್‌ಗೆ ಈಗ ಬೇಕಾಗಿದ್ದದ್ದು ಅಂಥ ನಾಲಗೆಯೇ.

ಏಕೆಂದರೆ ಊರವರ ನಾಲಗೆಯನ್ನು ಅವನು ಆಗಲೇ ನೋಡಿಯಾಗಿತ್ತು. ಪಬ್ಬಿನಲ್ಲಿ ಎಲ್ಲರಿಗೂ ಈ ಬಿಯರಿನ ಒಂದೊಂದು ಗ್ಲಾಸು ಕೊಟ್ಟಿದ್ದ. “ಭಾಳ ಚೆನ್ನಾಗಿದೆ ಕಣೋ,” ಎಂದರು. ಎಂದವರೇ ಕಿಟಕಿಯತ್ತ ತಿರುಗಿ, “ಮಳೆ ಬರೋ ಹಾಗಿದೆ, ಅಲ್ವಾ?” ಎನ್ನುತ್ತ ತಮ್ಮ ಮಾಮೂಲಿ ಕಪ್ಪು ಸ್ಟೌಟ್ ಬಿಯರನ್ನೇ ತರಿಸಿಕೊಂಡರು. ನಮ್ಮ ಕಡೆ ಹೀಗೆಯೇ. ಎದುರಿಗೆ ಕೆಟ್ಟದ್ದೆನ್ನುವ ಧೈರ್ಯ ಒಬ್ಬರಿಗೂ ಇಲ್ಲ. ಹೊಗಳಿದವರು ಹವಾಮಾನಕ್ಕೆ ಹೊರಳಿದರೆಂದರೆ ಅಲ್ಲಿಗೆ ನಿಮ್ಮ ಕಥೆ ಮುಗಿಯಿತೆಂದೇ ತಿಳಿಯಬೇಕು. ಈ ಬಿಯರೂ ಸೋತರೆ ಬ್ರೂವರಿ ಮುಚ್ಚಿ, ಶೆಡ್ಡನ್ನು ಟೈರ್ ವ್ಯಾಪಾರಿಗೆ ಬಾಡಿಗೆಗೆ ಕೊಡುವುದೆಂದು ಹೆಂಡತಿ ಓರ್ಲಾ ಅವನಿಂದ ಮಾತು ತೆಗೆದುಕೊಂಡಿದ್ದಳು.

ಗೆರ್ಡಾ ಬೀರುವಿನ ಮೂಲೆಯಿಂದ ಸಣ್ಣ ಗ್ಲಾಸೊಂದನ್ನು ಹುಡುಕಿ ತೆಗೆದಳು. ಬಿಯರು ಸುರಿದು ಬೆಳಕಿಗೆ ಹಿಡಿದಳು. ತಾಮ್ರದ ಬಣ್ಣ. ಮೂಸಿದಳು. ಒಂದು ಗುಟುಕನ್ನು ಬಾಯಲ್ಲೇ ಇಟ್ಟುಕೊಂಡಳು. ಮೊದಲು ಬ್ರೆಡ್ಡಿನ ಕೆಂಪಗೆ ಬೆಂದ ಅಂಚಿನ ಸಿಹಿ, ಹಿಂದೆಯೇ ನಾಲಗೆಯ ಬುಡದಲ್ಲಿ ಕಹಿ. ಚಿಕ್ಕವಳಿದ್ದಾಗ ಬೀದಿ ಕೊನೆಯ ಪಡಖಾನೆಯಿಂದ ಅಪ್ಪನಿಗೆಂದು ಜಗ್ಗಿನಲ್ಲಿ ತರುತ್ತ, ಮೆಟ್ಟಿಲ ಕತ್ತಲಲ್ಲಿ ಕದ್ದು ಹೀರುತ್ತಿದ್ದ ಅದೇ ರುಚಿ. ಜೀವಮಾನವೆಲ್ಲ ತಪ್ಪು ಹೇಳಿಯೇ ಅಭ್ಯಾಸ. ಮೆಚ್ಚಿಗೆಗೆ ತನ್ನದು ಅನ್ನುವ ಒಂದು ಮಾತೂ ಅವಳಲ್ಲಿರಲಿಲ್ಲ. ಕಣ್ಣೊರೆಸಿಕೊಳ್ಳುವುದು ಕಾಣದಿರಲೆಂದು ಸಿಂಕಿನ ಕಡೆ ತಿರುಗಿ, ಊರವರ ಮಾತನ್ನೇ ಎರವಲು ತೆಗೆದುಕೊಂಡಳು.

“ಭಾಳ ಚೆನ್ನಾಗಿದೆ ಫಿಂಟನ್.”

ಫಿಂಟನ್ ಕಾದ. “ಮತ್ತೆ?”

“ಮತ್ತೇನು, ಚೆನ್ನಾಗಿದೆ. ಮೋಡ ಕವೀತಾ ಇದೆ ನೋಡು. ಹೊರಗೆ ಬಟ್ಟೆ ಹರವಿದ್ದೆ.”

ಅವನು ಟೋಪಿ ಹಾಕಿಕೊಂಡ. “ಥ್ಯಾಂಕ್ಸ್ ಗೆರ್ಡಾ. ದೊಡ್ಡ ಉಪಕಾರ ಆಯ್ತು,” ಎಂದ. ಎದೆ ಒಡೆದುಹೋದಾಗಲೂ ನಮ್ಮವರು ವಿನಯ ಬಿಡುವುದಿಲ್ಲ. ಅವನು ಅತ್ತ ಹೋದ ಮೇಲೆ ಗೆರ್ಡಾ ಮೂರೂ ಬಾಟಲಿ ಕುಡಿದು ಮುಗಿಸಿ, ಮೇಜಿಗೆ ತಲೆಯಾನಿಸಿ ಮನಸಾರೆ ಅತ್ತಳು. ಬಟ್ಟೆ ಮಳೆಯಲ್ಲಿ ನೆನೆಯಿತು.

ಮಾರನೆಯ ಬೆಳಿಗ್ಗೆ ಆಕೆ ತೋಟದ ಕೈಗಾಡಿ ತಳ್ಳಿಕೊಂಡು, ಒಂದು ಕ್ರೇಟು ಕೊಳ್ಳಲೆಂದು ಬ್ರೂವರಿಗೆ ಹೋದಳು. ಗೇಟಿನ ಪಕ್ಕದ ಚರಂಡಿಯಲ್ಲಿ ಕಂದು ನೊರೆ ಹರಿಯುತ್ತಿತ್ತು. ಒಳಗೆ ಫಿಂಟನ್ ರಬ್ಬರ್ ಬೂಟು ಹಾಕಿಕೊಂಡು, ಇದ್ದ ಒಂದೇ ಟ್ಯಾಂಕಿಗೆ ಪೈಪಿನಿಂದ ನೀರು ಬಿಡುತ್ತಿದ್ದ.

“ಏನ್ ಮಾಡ್ತಿದ್ದೀಯ?”

“ತೊಳೀತಾ ಇದ್ದೀನಿ. ಮಧ್ಯಾಹ್ನ ಟೈರಿನವನು ಶೆಡ್ ನೋಡೋಕೆ ಬರ್ತಾನೆ.”

“ಬಿಯರೆಲ್ಲಿ?”

ಅವನು ಚರಂಡಿಯ ಕಡೆ ಕೈ ತೋರಿಸಿದ.

ಗೆರ್ಡಾ ಗಾಡಿಯನ್ನು ಅಲ್ಲೇ ಬಿಟ್ಟಳು. “ನಿನ್ನ ತಲೇಲಿ ಮಿದುಳಿದೆಯೋ, ಹೊಟ್ಟು ತುಂಬಿದೆಯೋ? ನಾನು ಹುಟ್ಟಿದ ಬೀದೀಲಿ ಕೂಡ ಈಗ ಇಂಥಾ ಆಲ್ಟ್ ಸಿಗಲ್ಲ. ಅದನ್ನ ತಗೊಂಡ್ಹೋಗಿ ಇಲಿಗಳಿಗೆ ಕುಡಿಸಿದ್ಯಲ್ಲೋ, ಕತ್ತೆ. ಮಾಡೋಕೆ ಬರತ್ತೆ, ಮಾಡಿದ್ದು ಏನು ಅಂತ ಗೊತ್ತಾಗಲ್ಲ. ನಿನ್ನ ಕೈಗೆ ಟ್ಯಾಂಕ್ ಕೊಟ್ಟೋರನ್ನ ಹೊಡೀಬೇಕು.” ಇಂಗ್ಲಿಷು ಸಾಲದಾದಾಗ ಜರ್ಮನ್‌ನಲ್ಲಿ ಮುಂದುವರಿಸಿದಳು. ಅದೇನೆಂದು ತಿಳಿಯದಿದ್ದರೂ ಹೊಗಳಿಕೆಯಲ್ಲವೆಂಬುದು ಸ್ಪಷ್ಟವಿತ್ತು.

ಫಿಂಟನ್ ಕದಲದೆ ಕೇಳಿಸಿಕೊಂಡ. “ಹಾಗಾದ್ರೆ ನಿನ್ನೆ ಹೇಳಿದ್ದು?”

“ಅದೂ ನಿಜಾನೇ ಕಣೋ. ನಿಮ್ಮೂರೋರ ಥರ ಹೇಳ್ಬಿಟ್ಟೆ, ಅಷ್ಟೇ,” ಎಂದು ಉಸಿರೆಳೆದುಕೊಂಡು ಮತ್ತೆ ಶುರುಮಾಡಿದಳು.

ಪೈಪಿನ ನೀರು ಟ್ಯಾಂಕು ಬಿಟ್ಟು ಫಿಂಟನ್‌ನ ಬೂಟಿನೊಳಗೆ ಇಳಿಯುತ್ತಿತ್ತು. ಅದು ಅವನ ಗಮನಕ್ಕೆ ಬಂದಂತಿರಲಿಲ್ಲ. ಎಷ್ಟೋ ತಿಂಗಳ ಮೇಲೆ ಅವನ ಮುಖ ಅರಳಿತ್ತು.

“ಒಂದ್ನಿಮಿಷ ತಡೀರಿ ಗೆರ್ಡಾ,” ಎಂದ. “ಓರ್ಲಾನ್ನ ಕರ್ಕೊಂಡು ಬರ್ತೀನಿ. ಅವಳ ಮುಂದೆ ಮೊದಲಿಂದ ಬೈರಿ.”