ಹಾಡು ನಿಂತ ಹೊತ್ತಿನ ಪಾಯಿಂಟು

“ಹಾಡು ಬಂದ್ ಮಾಡಿದ ಮಂಗ್ಯಾ ಯಾವಂವ?” ಕಬಡ್ಡಿ ಅಂಕಣದ ನಡುವೆ ನಿಂತು ನೀಲವ್ವ ಒದರಿದಳು.

“ನಾನ ಮಾಡೇನಿ. ತಲಿ ನೋಯಾಕತ್ತಿತ್ತು,” ಎಂದ ರೆಫರಿ ಈರಪ್ಪ.

ಊರೂರಿಗೂ ಆಟ ನೋಡುವ ಕ್ಯಾಮೆರಾದ ಸರ್ವರ್ ಬಂದ ಮೇಲೆ ಅದಕ್ಕೆ ಕಂಡದ್ದಷ್ಟೇ ನಡೆದದ್ದು ಎಂದಾಗಿತ್ತು. ಸುಮ್ಮನಿದ್ದಾಗ ಅದು ಸೆಕೆಂಡಿಗೆ ಅರವತ್ತನಾಲ್ಕು ಸಲ ಮಾತ್ರ ಕಣ್ಣು ಬಿಡುತ್ತಿತ್ತು; ಆ ನಡುವೆ ಮಿಂಚಿನಂತೆ ಮುಟ್ಟಿದ್ದು ಅದಕ್ಕೆ ಕಾಣುತ್ತಿರಲಿಲ್ಲ. ಅದರಲ್ಲೇ ಹಾಡು ಹಚ್ಚಿದರೆ, ತಾಳ ತಪ್ಪಬಾರದೆಂದು ಸಾವಿರ ಸಲ ಕಣ್ಣು ಬಿಡುತ್ತಿತ್ತು. ಅದಕ್ಕೇ ಆಟ ಮುಗಿಯುವ ತನಕ ಯಾರೂ ಹಾಡು ನಿಲ್ಲಿಸುತ್ತಿರಲಿಲ್ಲ.

“ನಾ ಕಾಶವ್ವನ ಮೊಣಕೈ ಮುಟ್ಟೇನಿ. ಬೇಕಾದ್ರ ಆಕೀನ್ನ ಕೇಳ್ರಿ!” ಎಂದಳು ನೀಲವ್ವ.

“ಹೌದ್ರೀ, ಮುಟ್ಯಾಳ,” ಎಂದಳು ಎದುರಾಳಿ ಕಾಶವ್ವ.

“ಸರ್ವರಿಗೆ ಕಂಡಿಲ್ಲವ್ವಾ. ನಾ ಏನ್ ಮಾಡ್ಲಿ?”

ಆ ಒಂದು ಪಾಯಿಂಟಿನ ಮೇಲೆ ಜಿಲ್ಲಾ ತಂಡದಲ್ಲಿ ನೀಲವ್ವನ ಜಾಗ ನಿಂತಿತ್ತು. ಮೂವತ್ತು ದಾಟಿದ ಅವಳಿಗೆ ತಂಡ ಸೇರಲು ಇದೇ ಕೊನೆಯ ಅವಕಾಶ.

ಈರಪ್ಪ ಮೆಲ್ಲಗೆ ಹಾಡು ಹಚ್ಚಿದ. “ಈಗ ಎಲ್ಲಾ ಬರೋಬ್ಬರಿ ಕಾಣತೈತಿ. ಮುಂದಿನ ರೈಡಿಗೆ ಹೋಗವ್ವ.”

“ಕಾಣತೈತೇನು? ಹಂಗಾರ ನಾ ಹೋಗೂದನ್ನ ಛಲೋತ್ನಾಗಿ ನೋಡು ಅನ್ರಿ ಅದಕ್ಕ.”

ಮೊಣಕಾಲಿನ ಪಟ್ಟಿ ಬಿಚ್ಚಿ ಅವನ ಮೇಜಿನ ಮೇಲೆ ಒಗೆದು ನೀಲವ್ವ ಹೊರನಡೆದಳು. ಈರಪ್ಪ ಮೂರು ಸಲ ಸೀಟಿ ಊದಿದರೂ ಅವಳು ಹೊರಳಿ ಬರಲಿಲ್ಲ.