ಕಾವಲಿಗೆ ಕೊಟ್ಟ ಹೆಸರು

ಸತ್ತವರ ದನಿಯಲ್ಲಿ ಮಾತಾಡುವ ಜಾಹೀರಾತು ಲಕೋಟೆಗಳು ವಾರಕ್ಕೆ ಮೂರಾದರೂ ಬರುತ್ತಿದ್ದವು. ತೆರೆದರೆ ಸಾಕು, ತೀರಿಕೊಂಡ ಗಂಡನ ದನಿ, "ತುಂಗಾ, ನಿಂಗೆ ಬಹುಮಾನ ಬಂದಿದೆ, ರುಜು ಹಾಕು" ಎನ್ನುತ್ತಿತ್ತು. ತುಂಗಮ್ಮ ನಕ್ಕು ರದ್ದಿಗೆ ಎಸೆಯುತ್ತಿದ್ದರು. ಗಂಡ ಒಮ್ಮೆಯೂ ಅವರನ್ನು ಹೆಸರು ಹಿಡಿದು ಕರೆದವರಲ್ಲ.

ಮುದುಕರ ಟಪಾಲಿನಲ್ಲಿ ಮೋಸದ ಕಾಗದ ನುಸುಳದಂತೆ ಕಾಯಲು ನೇಮಕವಾಗಿದ್ದ ಪರಮೇಶಿ ಮೊನ್ನೆ ಕಾಫಿ ಕುಡಿಯುತ್ತ ಕೇಳಿದ್ದ: "ಮತ್ತೆ ಏನಂತ ಕರೀತಿದ್ರು ಅಜ್ಜಿ? ಗೊತ್ತಿದ್ರೆ ಸುಳ್ಳು ಕಾಗದಾನ ನಾನೇ ಹಿಡ್ದು ಹರಿದ್ಹಾಕ್ತೀನಿ." ಮಕ್ಕಳಿಗೂ ಹೇಳದ್ದನ್ನು ತುಂಗಮ್ಮ ನಾಚುತ್ತ ಹೇಳಿದ್ದರು.

ಇಂದು ಪರಮೇಶಿ ಲಕೋಟೆಯೊಂದನ್ನು ಕಿಟಕಿಯಲ್ಲೇ ತುರುಕಿ, ಮುಖ ತೋರಿಸದೆ ಹೋದ. ತುಂಗಮ್ಮ ತೆರೆದರು.

"ಏನ್ರೀ ಕಲೆಕ್ಟ್ರಮ್ಮಾ, ಒಂದು ರುಜು ಹಾಕ್ತೀರಾ?"

ಪರಮೇಶಿಯೊಬ್ಬನಿಗೇ ಹೇಳಿದ್ದ ಹೆಸರು ಅದು. ಗಂಡನ ದನಿ ಕೇಳಿ ಅಳು ಬರಲಿಲ್ಲ. ಪರಮೇಶಿಗೆಂದು ಸೋಸಿಟ್ಟ ಕಾಫಿ ನೋಡಿ ಬಂತು.